ಕ್ವಾರಿಯೊಳಗಿನ ನಂದನವನ

ಸಿಮೆಂಟಿಗೂ ಹೂವಿಗೂ ಏನು ನಂಟು ಎಂದು ಯಾರಾದರೂ ಕೇಳಿದ್ದರೆ ತಾರಸಿಯ ಮೇಲಿನ ಹೂಕುಂಡ ತೋರಿಸಿ ಮಾತು ಮುಗಿಸುತ್ತಿದ್ದೆ. ಈಗ ಹಾಗೆ ಮುಗಿಸಲಾರೆ. ಕೆನಡಾದ ಪಶ್ಚಿಮ ತುದಿಯಲ್ಲಿ, ಪೆಸಿಫಿಕ್ ಸಾಗರದ ಅಂಚಿನ ವ್ಯಾಂಕೂವರ್ ದ್ವೀಪದಲ್ಲಿ ಬುಚಾರ್ಟ್ ಗಾರ್ಡನ್ಸ್ ಎಂಬ 55 ಎಕರೆಯ ತೋಟವಿದೆ. ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನ ಅದನ್ನು ನೋಡಲು ಬರುತ್ತಾರೆ. ಆ ತೋಟದ ಹೊಟ್ಟೆಯಲ್ಲಿರುವುದು ಒಂದು ಸುಣ್ಣಕಲ್ಲಿನ ಕ್ವಾರಿ. ಗಂಡ ಕಲ್ಲು ತೆಗೆದು ಸಿಮೆಂಟ್ ಮಾಡಿ ಮಾರಿದ. ಉಳಿದ ಗುಂಡಿಯನ್ನು ಹೆಂಡತಿ ತೋಟ ಮಾಡಿದಳು. ಕಥೆ ಇಷ್ಟೇ. ಆದರೆ ಆ ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ಕಣ್ಣು ಹಾಯಿಸುವ ತನಕ ಅದನ್ನು ನಂಬುವುದು ಕಷ್ಟ.

ವ್ಯಾಂಕೂವರ್ ನಗರ ವ್ಯಾಂಕೂವರ್ ದ್ವೀಪದಲ್ಲಿಲ್ಲ ಎಂಬುದು ಅಲ್ಲಿಗೆ ಹೋದವರಿಗೆ ಮೊದಲು ಗೊತ್ತಾಗುವ ಸಂಗತಿ. ನಗರ ಮುಖ್ಯ ಭೂಭಾಗದಲ್ಲಿದೆ, ನಡುವೆ ಸಮುದ್ರ. ನಗರದ ಪಕ್ಕದ ಸರ್ರಿಯಲ್ಲಿರುವ ನನ್ನ ತಂಗಿಯ ಮಗ ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ತ್ಸವಾಸೆನ್ ಎಂಬ ಬಂದರಿಗೆ ಹೊರಟ. "ದೊಡ್ಡಮ್ಮ, ಇಲ್ಲಿಗೆ ಬಂದು ಬುಚಾರ್ಟ್ ನೋಡದೆ ಹೋದರೆ ಮೈಸೂರಿಗೆ ಹೋಗಿ ಅರಮನೆ ನೋಡದೆ ಬಂದ ಹಾಗೆ" ಎಂದ. "ಟಿಕೆಟ್ ಎಷ್ಟೋ ಮಾರಾಯ?" ಎಂದು ನಮ್ಮ ಯಜಮಾನರು ಹಿಂದಿನ ಸೀಟಿನಿಂದ ಕೇಳಿದರು. ಹುಡುಗ ಡಾಲರಿನಲ್ಲಿ ಹೇಳಿದ, ಇವರು ರೂಪಾಯಿಗೆ ಗುಣಿಸಿದರು, ಆಮೇಲೆ ಬಂದರು ಬರುವ ತನಕ ಮಾತಾಡಲಿಲ್ಲ. ನಮ್ಮ ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೂವೆಂದರೆ ಬೆಳಿಗ್ಗೆ ದೇವರಿಗೆ ಕಿತ್ತುಕೊಡಬೇಕಾದ ವಸ್ತು ಎಂಬುದಷ್ಟೇ ಅವರ ತಿಳಿವಳಿಕೆ.

ಕಾರು ಸಮೇತ ಹಡಗಿನ ಹೊಟ್ಟೆಯೊಳಗೆ ಹೋಗಿ, ಮೇಲೆ ಹತ್ತಿ, ಕಿಟಕಿ ಪಕ್ಕ ಕೂತು ಒಂದೂವರೆ ಗಂಟೆಗಿಂತ ತುಸು ಹೆಚ್ಚು ಹೊತ್ತಿನ ಪಯಣ. ಮೊದಲ ಅರ್ಧ ಬರೀ ನೀರು. ಆಮೇಲೆ ಆಕ್ಟಿವ್ ಪಾಸ್ ಎಂಬ ಇಕ್ಕಟ್ಟಾದ ಜಲಮಾರ್ಗ ಬರುತ್ತದೆ. ಗಲಿಯಾನೊ, ಮೇಯ್ನ್ ಎಂಬ ಎರಡು ದ್ವೀಪಗಳ ನಡುವೆ ಅಷ್ಟು ದೊಡ್ಡ ಹಡಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿಕೊಂಡು ನುಸುಳುತ್ತದೆ. ತಿರುವಿಗೆ ಮೊದಲು ಹಡಗು ಒಂದು ಉದ್ದನೆಯ ಕೂಗು ಹಾಕಿತು. ಡೆಕ್ಕಿನ ಮೇಲಿದ್ದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು. ದಡದ ಮನೆಯೊಂದರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದವರ ಬಟ್ಟಲಿನ ಬಣ್ಣ ಕಾಣುವಷ್ಟು ಹತ್ತಿರ. ಆಚೆ ದಡದ ಸ್ವಾರ್ಟ್ಸ್ ಬೇಯಲ್ಲಿ ಇಳಿದರೆ ಬ್ರೆಂಟ್‌ವುಡ್ ಬೇ ಎಂಬ ಊರಿಗೆ ಅರ್ಧ ಗಂಟೆಯೂ ಬೇಡ. ತೋಟ ಅಲ್ಲೇ.

ಒಳಗೆ ಹೋದೊಡನೆ ಒಂದು ನಕ್ಷೆ, ಹೂಗಳ ಚಿತ್ರವಿರುವ ಒಂದು ಕಿರುಹೊತ್ತಗೆ ಕೈಗೆ ಬಂದವು. ಈ ಹೊತ್ತಗೆ ಯಾಕೆಂದು ಆಮೇಲೆ ತಿಳಿಯಿತು: ತೋಟದಲ್ಲಿ ಬಹುತೇಕ ಯಾವ ಗಿಡಕ್ಕೂ ಹೆಸರಿನ ಫಲಕವಿಲ್ಲ. ಲಾಲ್‌ಬಾಗ್‌ನಲ್ಲಿ ಮರದ ಕೊರಳಿಗೆ ಕಟ್ಟಿದ ಫಲಕ ಓದುತ್ತ, ಸಸ್ಯಶಾಸ್ತ್ರದ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸುತ್ತ ನಡೆದು ಅಭ್ಯಾಸವಾದ ನನಗೆ ಇದು ಕೊರತೆ ಎನ್ನಿಸಿತು. ಆದರೆ ಇದು ಪಾಠ ಹೇಳುವ ತೋಟವಲ್ಲ, ಕಣ್ಣಿಗೆ ಹಬ್ಬ ಮಾಡಲೆಂದೇ ಕಟ್ಟಿದ ತೋಟ. ಮಾರ್ಚ್‌ನಿಂದ ಅಕ್ಟೋಬರ್ ತನಕ ಯಾವ ಪಾತಿಯೂ ಬರಿದಾಗಬಾರದು ಎಂಬುದು ಇಲ್ಲಿನ ವ್ರತ. ಅದಕ್ಕಾಗಿ ಪ್ರತಿವರ್ಷ 900 ಬಗೆಯ, ಹತ್ತು ಲಕ್ಷದಷ್ಟು ಸಸಿಗಳನ್ನು ಗಾಜಿನ ಮನೆಗಳಲ್ಲಿ ಎಬ್ಬಿಸಿ ಪಾತಿಗಿಳಿಸುತ್ತಾರೆ. ಟ್ಯುಲಿಪ್ ಬಾಡುವಷ್ಟರಲ್ಲಿ ಅದರ ಜಾಗಕ್ಕೆ ಬರಬೇಕಾದ್ದು ಹಿಂದೆ ಎಲ್ಲೋ ಸಿದ್ಧವಾಗಿ ಕಾದಿರುತ್ತದೆ. ನಾವು ನೋಡುವುದು ರಂಗದ ಮೇಲಿನ ಆಟ ಮಾತ್ರ. ಚೌಕಿಮನೆ ಬೇರೆಯೇ ಇದೆ.

ಬಿಗೋನಿಯಾ, ಫ್ಯೂಶಿಯಾ ಬುಟ್ಟಿಗಳು ತೂಗುವ ದಾರಿ ದಾಟಿ, ಮರಗಳ ನೆರಳಲ್ಲಿ ಸ್ವಲ್ಪ ನಡೆದೆವು. ಒಂದು ತಿರುವು. ತಿರುಗಿದೊಡನೆ ನೆಲ ಮುಗಿಯಿತು.

ಕಟಕಟೆ ಹಿಡಿದು ನಿಂತೆ. ಕಾಲ ಕೆಳಗೆ ಐವತ್ತು ಅಡಿ ಆಳದಲ್ಲಿ ಇನ್ನೊಂದು ಲೋಕವೇ ಇತ್ತು. ಮಟ್ಟಸ ಹಸಿರು ಹುಲ್ಲು, ಅದರೊಳಗೆ ಬಳುಕಿ ಹೋದ ಕಾಲುದಾರಿಗಳು, ದಾರಿಯ ಎರಡೂ ಮಗ್ಗುಲಲ್ಲಿ ಹಳದಿ, ನೇರಳೆ, ಕಡುಗೆಂಪು, ಹಾಲುಬಿಳುಪು ಪಾತಿಗಳು. ನಟ್ಟನಡುವೆ ಕ್ವಾರಿಯವರು ಬಿಟ್ಟುಹೋದ ಬಂಡೆಯ ದಿಬ್ಬ, ಅದರ ಮೈತುಂಬ ಹೂ. ಎರಡು ಎತ್ತರದ ಥೂಜಾ ಮರಗಳು ಕೆಳಗಿನಿಂದಲೇ ಬೆಳೆದು ನಮ್ಮ ಕಣ್ಣಿನ ಮಟ್ಟಕ್ಕೆ ತಲೆ ಎತ್ತಿದ್ದವು. ಸುತ್ತಲೂ ಕಡಿದು ನಿಲ್ಲಿಸಿದ ಕಲ್ಲುಗೋಡೆ. ಆದರೆ ಕಲ್ಲು ಕಾಣುವುದಿಲ್ಲ, ಐವಿ ಬಳ್ಳಿ ಹಬ್ಬಿ ಮುಚ್ಚಿಬಿಟ್ಟಿದೆ. ಹೂದೋಟಗಳಲ್ಲಿ ಸಾಮಾನ್ಯವಾಗಿ ನಾವು ಹೂವಿನ ಮಟ್ಟದಲ್ಲೇ ನಡೆಯುತ್ತೇವೆ, ಒಂದು ಪಾತಿ ನೋಡಿದರೆ ಇನ್ನೊಂದು ಮರೆಯಾಗುತ್ತದೆ. ಇಲ್ಲಿ ಇಡೀ ತೋಟ ಒಂದೇ ನೋಟಕ್ಕೆ, ಮೇಲಿನಿಂದ ಕೆಳಕ್ಕೆ ಸಿಗುತ್ತದೆ. ದೇವತೆಗಳು ಭೂಲೋಕವನ್ನು ನೋಡುವುದು ಹೀಗೇ ಇದ್ದೀತು. ಪಕ್ಕದಲ್ಲಿ ಯಾವುದೋ ಭಾಷೆಯ ಅಜ್ಜಿಯೊಬ್ಬರು ಎದೆಯ ಮೇಲೆ ಕೈಯಿಟ್ಟು "ಓ" ಎಂದರು. ಅರ್ಥಮಾಡಿಕೊಳ್ಳಲು ನಿಘಂಟು ಬೇಕಾಗಲಿಲ್ಲ. ನಾನೂ ಅದನ್ನೇ ಅಂದಿದ್ದೆ.

ನಮ್ಮ ಯಜಮಾನರು ಮಾತ್ರ ಗೋಡೆ ನೋಡುತ್ತಿದ್ದರು. "ಬ್ಲಾಸ್ಟಿಂಗ್ ಮಾಡಿದ ಮುಖ ಇದು. ಮೆಟ್ಟಿಲು ಮೆಟ್ಟಿಲಾಗಿ ತೆಗೆದಿದ್ದಾರೆ ನೋಡು" ಎಂದರು. ಅವರಿಗೆ ಕಂಡದ್ದು ಕ್ವಾರಿ, ನನಗೆ ಕಂಡದ್ದು ತೋಟ. ಈ ಜಾಗವನ್ನು ನೋಡಲು ಎರಡೂ ಕಣ್ಣು ಬೇಕು ಎಂದು ಈಗ ಅನ್ನಿಸುತ್ತದೆ.

ರಾಬರ್ಟ್ ಪಿಮ್ ಬುಚಾರ್ಟ್ 1856ರಲ್ಲಿ ಒಂಟಾರಿಯೊ ಪ್ರಾಂತ್ಯದ ಓವೆನ್ ಸೌಂಡ್ ಎಂಬ ಊರಿನಲ್ಲಿ ಹುಟ್ಟಿದವನು. ಮದುವೆಯಾಗಿ ಮಧುಚಂದ್ರಕ್ಕೆ ಇಂಗ್ಲೆಂಡಿಗೆ ಹೋದಾಗ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮಾಡುವ ವಿದ್ಯೆ ಕಲಿತು ಬಂದ ಎನ್ನುತ್ತಾರೆ. ಮಧುಚಂದ್ರದ ಈ ಬಳಕೆ ಕೇಳಿ ನಮ್ಮ ಇಂಜಿನಿಯರ್ ಸಾಹೇಬರಿಗೆ ಅವನ ಮೇಲೆ ಗೌರವ ಹುಟ್ಟಿತು. 1904ರ ಹೊತ್ತಿಗೆ ಬುಚಾರ್ಟ್ ದಂಪತಿ ಈ ದ್ವೀಪಕ್ಕೆ ಬಂದರು. ಟಾಡ್ ಇನ್ಲೆಟ್ ಎಂಬ ಸಮುದ್ರದ ಕಿರುಚಾಚಿನ ಬದಿಯಲ್ಲಿ ಒಳ್ಳೆಯ ಸುಣ್ಣಕಲ್ಲು, ಪಕ್ಕದಲ್ಲೇ ಜೇಡಿ, ಎದುರಿಗೆ ಹಡಗು ನಿಲ್ಲುವಷ್ಟು ಆಳದ ನೀರು. ಸಿಮೆಂಟಿಗೆ ಇನ್ನೇನು ಬೇಕು? ಸುಣ್ಣಕಲ್ಲು ಮತ್ತು ಜೇಡಿಯನ್ನು ಅರೆದು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಟ್ಟರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅದಕ್ಕೆ ಒಂದಿಷ್ಟು ಜಿಪ್ಸಂ ಸೇರಿಸಿ ಮತ್ತೆ ನುಣ್ಣಗೆ ಅರೆದರೆ ಸಿಮೆಂಟ್. ಸಿಯಾಟಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಪಶ್ಚಿಮ ಕರಾವಳಿಯ ನಗರಗಳು ಆಗ ಎದ್ದು ನಿಲ್ಲುತ್ತಿದ್ದವು. ವ್ಯಾಪಾರ ಭರ್ಜರಿಯಾಯಿತು. ಭರ್ಜರಿಯಾದಷ್ಟೂ ಬೇಗ ಕಲ್ಲು ತೀರಿತು. ಹತ್ತು ವರ್ಷ ತುಂಬುವ ಮುಂಚೆಯೇ ಮನೆಯ ಹಿಂದೆ ಬಾಯ್ದೆರೆದ, ಧೂಳು ಹಿಡಿದ ಗುಂಡಿಯೊಂದು ಉಳಿಯಿತು.

ಹೆಂಡತಿ ಜೆನಿ. ಹತ್ತು ವರ್ಷ ಕಿರಿಯಳು, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವಳು. ಚಿತ್ರ ಬರೆಯುವುದರಲ್ಲಿ ಚುರುಕು. ಪ್ಯಾರಿಸ್‌ನಲ್ಲಿ ಕಲಿಯುವ ಅವಕಾಶ ಬಿಟ್ಟು ಮದುವೆಯಾದಳಂತೆ. ರಸಾಯನಶಾಸ್ತ್ರ ಕಲಿತು ಗಂಡನ ಕಾರ್ಖಾನೆಯ ಪ್ರಯೋಗಾಲಯದಲ್ಲೂ ಕೆಲಸ ಮಾಡಿದಳು. ತೋಟಗಾರಿಕೆ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗೆಳತಿಯೊಬ್ಬಳು ಕೊಟ್ಟ ಸ್ವೀಟ್ ಪೀ ಬೀಜ ಮತ್ತು ಒಂದು ಗುಲಾಬಿ ಗಿಡದಿಂದ ಎಲ್ಲ ಶುರುವಾಯಿತು ಎಂಬ ಕಥೆಯಿದೆ. ಶುರುವಾದದ್ದು ಎಲ್ಲಿಂದಲೇ ಆಗಲಿ, ಹೋಗಿ ನಿಂತದ್ದು ಈ ಗುಂಡಿಯ ತಳದಲ್ಲಿ. ಸುತ್ತಲಿನ ಹೊಲಗಳಿಂದ ಕುದುರೆ ಗಾಡಿಗಳಲ್ಲಿ ಮೇಲ್ಮಣ್ಣು ತರಿಸಿದಳು. ಗಾಡಿ, ಗಾಡಿ, ಗಾಡಿ. ಬರೀ ಬಂಡೆಯ ತಳಕ್ಕೆ ಹೂ ಬೇರು ಬಿಡುವಷ್ಟು ಮಣ್ಣು ಹಾಸಬೇಕಾದರೆ ಎಷ್ಟು ಬೇಕು ಎಂದು ಕಲ್ಪಿಸಿಕೊಳ್ಳಿ. ಉದುರುಗಲ್ಲುಗಳನ್ನು ಹೊರಗೆ ಸಾಗಿಸುವ ಬದಲು ಗುಡ್ಡೆ ಹಾಕಿಸಿ ಅದನ್ನೇ ಹೂವಿನ ದಿಬ್ಬ ಮಾಡಿದಳು. ಕೆಲಸ ಮುಗಿಯುವಾಗ 1921. ಇವತ್ತಿಗೆ ಅದರ ಹೆಸರು ಸಂಕನ್ ಗಾರ್ಡನ್, ತಗ್ಗಿನ ತೋಟ.

ಮೆಟ್ಟಿಲಿಳಿದು ಕೆಳಗೆ ಬಂದ ಮೇಲೆ ನಾನು ಹೂ ಬಿಟ್ಟು ಗೋಡೆಯ ಹತ್ತಿರ ಹೋದೆ. ಐವಿಯ ಕಾಂಡ ಕೆಲವೆಡೆ ನನ್ನ ಮಣಿಕಟ್ಟಿನಷ್ಟು ದಪ್ಪ. ಎಲೆ ಸರಿಸಿ ನೋಡಿದರೆ ಹಿಂದೆ ಬೂದು ಕಲ್ಲು, ಕಲ್ಲಿನ ಬಿರುಕಿಗೆ ಉಗುರೂರಿದಂತೆ ಹಿಡಿದುಕೊಂಡ ಸಾವಿರಾರು ಎಳೆಬೇರು. ಈ ಬಳ್ಳಿ ತಾನಾಗಿ ಹಬ್ಬಿದ್ದಲ್ಲ. ಹಡಗಿನ ನಾವಿಕರು ಕಂಬಕ್ಕೆ ಬಣ್ಣ ಬಳಿಯುವಾಗ ಹಗ್ಗಕ್ಕೆ ಹಲಗೆ ಕಟ್ಟಿ ಕೂರುತ್ತಾರಲ್ಲ, ಅಂಥದೊಂದು ಹಲಗೆಯ ಮೇಲೆ ಜೆನಿ ತಾನೇ ಕೂತು, ಗೋಡೆಯ ಮೇಲಿನಿಂದ ಜೋತಾಡುತ್ತ, ಕಣ್ಣಿಗೆ ಬಿದ್ದ ಪ್ರತಿ ಬಿರುಕಿಗೂ ಐವಿ ಸಸಿ ತುರುಕಿದಳು ಎಂದು ತೋಟದ ಇತಿಹಾಸ ಹೇಳುತ್ತದೆ. ಕಾರ್ಖಾನೆ ಮಾಲೀಕನ ಹೆಂಡತಿ, ಐವತ್ತರ ಹತ್ತಿರದ ವಯಸ್ಸು, ಆ ಕಾಲದ ಉದ್ದ ಲಂಗ. ಆಳುಕಾಳಿಗೆ ಕೊರತೆ ಇರಲಿಲ್ಲ, ಸಿಮೆಂಟ್ ಕಾರ್ಖಾನೆಯ ಕೆಲಸದವರೇ ತೋಟಕ್ಕೂ ಬರುತ್ತಿದ್ದರು. ಆದರೂ ಅವಳೇ ಇಳಿದಳು. ನನಗೆ ಈ ಇಡೀ ತೋಟದಲ್ಲಿ ಹೂವಿಗಿಂತ ದೊಡ್ಡ ಬೆರಗು ಎನ್ನಿಸಿದ್ದು ಈ ಗೋಡೆ.

ಕ್ವಾರಿಯ ಇನ್ನೊಂದು ಭಾಗ ನೀರು ತುಂಬಿ ಕೆರೆಯಾಗಿದೆ. ನಾಲ್ವತ್ತಡಿ ಆಳ, ಕಡುಹಸಿರು ನೀರು. ಅದರ ನಡುವೆ 1964ರಲ್ಲಿ ಮೊಮ್ಮಗ ಇಯಾನ್ ರಾಸ್, ತೋಟದ 60ನೇ ವರ್ಷದ ನೆನಪಿಗೆ, ಕಾರಂಜಿ ಹಾಕಿಸಿದ್ದಾನೆ. ನೀರು ಎಪ್ಪತ್ತು ಅಡಿ ಎತ್ತರಕ್ಕೆ ಚಿಮ್ಮಿ, ಬಾಗಿ, ತಿರುಗಿ, ಒಡೆದು ಬೀಳುತ್ತದೆ. ಕಾರಂಜಿ ಎಂದರೆ ಬೃಂದಾವನ ಎಂದು ಬೆಳೆದ ನಮ್ಮಂಥವರಿಗೆ ಅದರಲ್ಲಿ ಹೊಸದೇನಿಲ್ಲ. ಆದರೆ ಬಂಡೆಯ ಗೋಡೆಗಳ ನಡುವೆ ಆ ನೀರಿನ ಸದ್ದು ತಿರುಗಿ ತಿರುಗಿ ಬರುವುದನ್ನು ಕೇಳುತ್ತ ಸುಮಾರು ಹೊತ್ತು ಕೂತಿದ್ದೆವು. ಯಜಮಾನರಿಗೆ ಬೃಂದಾವನದ ನೆನಪಾದದ್ದೇ ಕೆಆರ್‌ಎಸ್‌ಗೆ ಹೊರಳಿದರು. "ಇವನು ಇಲ್ಲಿ ಸಿಮೆಂಟ್ ಸುಡುತ್ತಿದ್ದಾಗ ನಮ್ಮವರು ಅಲ್ಲಿ ಸುರ್ಕಿ ಗಾರೆಯಲ್ಲಿ ಅಣೆಕಟ್ಟು ಕಟ್ಟುತ್ತಿದ್ದರು" ಎಂದರು. ನಿಜ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಲ್ಲು ಕೂಡಿಸಲು ಬಳಸಿದ್ದು ಸುಟ್ಟ ಇಟ್ಟಿಗೆ ಪುಡಿ ಮತ್ತು ಸುಣ್ಣದ ಗಾರೆ. ಅದರ ಬುಡದಲ್ಲಿ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ ತೋಟ ಎದ್ದಿತು. ಒಂದೇ ಕಾಲದಲ್ಲಿ ಭೂಮಿಯ ಎರಡು ತುದಿಗಳಲ್ಲಿ ಕಲ್ಲಿನ ಕೆಲಸದ ಪಕ್ಕಕ್ಕೆ ಹೂವಿನ ಕೆಲಸ ನಡೆದಿತ್ತು ಎಂಬುದು ನೆನೆದರೆ ಖುಷಿಯಾಗುತ್ತದೆ.

ಕೆರೆ ದಾಟಿ ಮೇಲೆ ಬರುವಾಗ, ಮರಗಳ ತಲೆಯ ಆಚೆ ಒಂದು ಎತ್ತರದ ಚಿಮಣಿ ಕಂಡಿತು. ಕಾರ್ಖಾನೆಯದೆಂದು ತೋಟದೊಳಗಿನಿಂದ ಕಾಣುವುದು ಅದೊಂದೇ. ಜೆನಿ ಕಾರ್ಖಾನೆ ಕಣ್ಣಿಗೆ ಬೀಳದಿರಲೆಂದು ಪಾಪ್ಲರ್ ಮರಗಳನ್ನೂ ಪರ್ಷಿಯಾದ ಪ್ಲಮ್ ಗಿಡಗಳನ್ನೂ ಸಾಲಾಗಿ ನೆಡಿಸಿದಳು. ಕಾರ್ಖಾನೆ ಹೋಯಿತು, ಮರೆ ಉಳಿಯಿತು, ಮರೆಯ ಮೇಲೆ ಚಿಮಣಿ ಇಣುಕುತ್ತಿದೆ. ನಮ್ಮವರು ಆ ದಿನ ತೆಗೆದ ಫೋಟೋಗಳಲ್ಲಿ ಹೆಚ್ಚಿನವು ಈ ಚಿಮಣಿಯವು. ಸಿಮೆಂಟ್ ನಿಂತ ಮೇಲೂ ಆ ಕಾರ್ಖಾನೆ 1950ರವರೆಗೂ ಹೆಂಚು, ಹೂಕುಂಡ ಮಾಡುತ್ತಿತ್ತಂತೆ. ತೋಟವನ್ನು ಹುಟ್ಟಿಸಿದ ಕಾರ್ಖಾನೆ ಕೊನೆಗಾಲದಲ್ಲಿ ಕುಂಡ ಮಾಡಿಕೊಂಡು ಬಾಳಿದ್ದು ಯಾವ ಕಥೆಗಾರನೂ ಕಟ್ಟಲಾರದ ಕಥೆ.

ಚಿಮಣಿಯ ಬುಡದ ಬದುಕು ಮಾತ್ರ ಅಷ್ಟು ಚಂದವಿರಲಿಲ್ಲ. ಆ ಕಲ್ಲು ಒಡೆದವರಲ್ಲಿ, ಆ ಧೂಳು ಕುಡಿದವರಲ್ಲಿ ಚೀನಾದಿಂದ ಬಂದವರು ಬಹಳ. 1906ರ ಸುಮಾರಿಗೆ ಪಂಜಾಬಿನ ಸಿಖ್ಖರೂ ಬಂದು ಸೇರಿದರು. ಕೆನಡಾದ ನೆಲಕ್ಕೆ ಕಾಲಿಟ್ಟ ಮೊದಮೊದಲ ಭಾರತೀಯರ ಗುಂಪಿನವರು ಇವರು. ಚೀನೀಯರಿಗೆ, ಸಿಖ್ಖರಿಗೆ, ಬಿಳಿಯರಿಗೆ ಬೇರೆ ಬೇರೆ ಬಿಡಾರ. ಅದಕ್ಕೂ ಮೊದಲು, ಸಾವಿರಾರು ವರ್ಷಗಳಿಂದ ಈ ದಡ ಸಾನಿಚ್ ಮೂಲನಿವಾಸಿಗಳದ್ದು. ಅವರ ಮೀನು, ಚಿಪ್ಪು, ಬೇಟೆಯ ನೆಲೆ. ತೋಟದಲ್ಲಿ 2004ರಲ್ಲಿ, ನೂರನೇ ವರ್ಷಕ್ಕೆ, ಆ ಜನರ ಇಬ್ಬರು ಶಿಲ್ಪಿಗಳು ಕೆತ್ತಿದ ಎರಡು ಟೋಟೆಮ್ ಕಂಬಗಳನ್ನು ನಿಲ್ಲಿಸಿದ್ದಾರೆ. ಕಂಬಗಳು ಚೆನ್ನಾಗಿವೆ. ಕಲ್ಲು ಒಡೆದವರಿಗೆ ಮಾತ್ರ ಅಷ್ಟು ಎತ್ತರದ ಗುರುತು ನನ್ನ ಕಣ್ಣಿಗೆ ಬೀಳಲಿಲ್ಲ. ತೋಟದ ಹೊರಗೆ, ಟಾಡ್ ಇನ್ಲೆಟ್‌ನ ದಡ ಈಗ ಗೌಲಂಡ್ ಟಾಡ್ ಎಂಬ ಸಂರಕ್ಷಿತ ಉದ್ಯಾನದ ಭಾಗ. ಕಾಡಿನ ದಾರಿಯಲ್ಲಿ ನಡೆದರೆ ಹಳೆಯ ಕಾರ್ಖಾನೆಯ ಕಾಂಕ್ರೀಟ್ ಅವಶೇಷಗಳು ಪಾಚಿ ಹಿಡಿದು ನಿಂತಿರುವುದು ಕಾಣುತ್ತದೆ. ಅದಕ್ಕೆ ಟಿಕೆಟ್ ಇಲ್ಲ.

ಮಧ್ಯಾಹ್ನ ಬೆಂಚೊಂದರ ಮೇಲೆ ಕೂತು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆವು. ಅಷ್ಟು ಹೊತ್ತಿಗೆ ಪ್ರವಾಸಿ ಬಸ್ಸುಗಳು ಬಂದು ಜಾತ್ರೆ ಸೇರಿತ್ತು. ಹತ್ತಿರದ ವಿಕ್ಟೋರಿಯಾ ನಗರದ ಬಂದರಿಗೆ ದೊಡ್ಡ ವಿಹಾರ ನೌಕೆಗಳು ಬರುವ ದಿನಗಳಲ್ಲಿ ಹೀಗೇ ಅಂತೆ. ಗುಲಾಬಿ ತೋಟದ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳುವವರ ಸಾಲು. ಆ ತೋಟವನ್ನು 1929ರಲ್ಲಿ ತರಕಾರಿ ಹಿತ್ತಲಿದ್ದ ಜಾಗದಲ್ಲಿ ಮಾಡಿದ್ದು. ಜೂನ್ ಮೊದಲ ವಾರಕ್ಕೆ ಗುಲಾಬಿ ಇನ್ನೂ ಮೊಗ್ಗಿನ ಮಾತು. ಅದರ ಸುಗ್ಗಿ ಜುಲೈ. ಇಟಾಲಿಯನ್ ತೋಟ 1926ರ ತನಕ ಟೆನಿಸ್ ಅಂಕಣವಾಗಿತ್ತು. ಕತ್ತರಿಸಿ ಮಟ್ಟ ಮಾಡಿದ ಬೇಲಿ, ಶಿಲುಬೆಯಾಕಾರದ ಕೊಳ, ಪ್ರತಿಮೆಗಳು. ಅಚ್ಚುಕಟ್ಟೇನೋ ಅಚ್ಚುಕಟ್ಟು, ಆದರೆ ಸಿರಿವಂತರು ಯೂರೋಪು ಸುತ್ತಿ ಬಂದು ನೆಂಟರಿಗೆ ತೋರಿಸುವ ಆಲ್ಬಮ್ಮಿನ ಪುಟ ಅದು ಎನ್ನಿಸಿತು. ಅಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪಕ್ಕದ ಅಂಗಡಿಯ ಜೆಲಾಟೊ. ಇಟಲಿಯ ಫ್ಲಾರೆನ್ಸ್‌ನ ಪ್ರಸಿದ್ಧ ಕಂಚಿನ ಕಾಡುಹಂದಿಯ ನಕಲೂ ಒಂದಿದೆ. ಅದರ ಮೂತಿ ಉಜ್ಜಿದರೆ ಅದೃಷ್ಟ ಎಂದು ಎಲ್ಲರೂ ಉಜ್ಜಿ ಉಜ್ಜಿ ಮೂತಿ ಬಂಗಾರದ ಬಣ್ಣಕ್ಕೆ ತಿರುಗಿದೆ. ನಮ್ಮ ಇಂಜಿನಿಯರ್ ಸಾಹೇಬರು ಯಾರೂ ನೋಡುತ್ತಿಲ್ಲ ಎಂದುಕೊಂಡು ಒಮ್ಮೆ ಉಜ್ಜಿದರು.

ಇದನ್ನೆಲ್ಲ ಬೇಗ ಬೇಗ ದಾಟಿದ್ದು ಜಪಾನೀ ತೋಟದ ಆಸೆಗೆ. ಇಡೀ ತೋಟದಲ್ಲಿ ಇದು ಹಳೆಯದು. ಸಂಕನ್ ಗಾರ್ಡನ್‌ಗೂ ಮುಂಚೆ, 1907ರ ಹೊತ್ತಿಗೆ, ಇಸಾಬುರೊ ಕಿಶಿದಾ ಎಂಬ ಜಪಾನೀ ತೋಟಗಾರನ ನೆರವಿನಿಂದ ಸಮುದ್ರದ ಕಡೆಯ ಇಳಿಜಾರಿನಲ್ಲಿ ಮಾಡಿದ್ದು. ಕೆಂಪು ಬಣ್ಣದ ಕಮಾನು ದಾಟಿದರೆ ಬಣ್ಣಗಳ ಗಲಾಟೆ ಒಮ್ಮೆಲೇ ನಿಂತುಹೋಗುತ್ತದೆ. ಹಸಿರು, ಹಸಿರಿನ ಹಲವು ಬಗೆ, ಮೇಪಲ್‌ನ ಕೆಂಪೆಲೆ, ನೀರು ದಾಟಲು ಇಟ್ಟ ಕಲ್ಲುಗಳು, ಪಾಚಿ. ಬೇಲಿಯಲ್ಲಿ ಕತ್ತರಿಸಿ ಬಿಟ್ಟ ದುಂಡನೆಯ ಕಿಂಡಿಯಲ್ಲಿ ಇಣುಕಿದರೆ ಪುಟ್ಟ ಕೊಲ್ಲಿಯ ನೀರು ಫಳಫಳಿಸುತ್ತದೆ.

ಮತ್ತು ಅಲ್ಲಿ, ಮರದ ನೆರಳಿನ ತಂಪಿನಲ್ಲಿ, ನಾನು ಪುಸ್ತಕಗಳಲ್ಲಷ್ಟೇ ನೋಡಿದ್ದ ಹಿಮಾಲಯದ ನೀಲಿ ಗಸಗಸೆ ಹೂ. ನೀಲಿ ಎಂದರೆ ನಾವು ಶಂಖಪುಷ್ಪವನ್ನು ನೆನೆಯುತ್ತೇವೆ. ಅದರಲ್ಲಿ ಎಲ್ಲೋ ನೇರಳೆ ಬೆರೆತಿರುತ್ತದೆ. ಇದರಲ್ಲಿ ಬೆರಕೆಯಿಲ್ಲ. ಮಳೆ ಬಂದು ಹೋದ ಮೇಲೆ ಮೋಡದ ನಡುವೆ ತೆರೆದುಕೊಳ್ಳುವ ಆಕಾಶದ ತುಂಡು. ನಾಲ್ಕು ದಳ, ಪ್ರತಿಯೊಂದೂ ನಿರಿಗೆ ಮುದುಡಿದ ತೆಳು ರೇಷ್ಮೆ, ಬೆಳಕು ಹಿಂದಿನಿಂದ ಬಿದ್ದರೆ ನರಗಳು ಕಾಣುತ್ತವೆ. ನಡುವೆ ಚಿನ್ನದ ಬಣ್ಣದ ಕೇಸರಗಳ ಗುಂಪು. ಕಾಂಡದ ಮೇಲೆ, ಮೊಗ್ಗಿನ ಮೇಲೆ ಸಣ್ಣ ಸಣ್ಣ ರೋಮ, ಅವುಗಳ ತುದಿಯಲ್ಲಿ ಬೆಳಗಿನ ಹನಿ ಇನ್ನೂ ಆರಿರಲಿಲ್ಲ. ಟಿಬೆಟ್ಟಿನಲ್ಲಿ ಬ್ರಹ್ಮಪುತ್ರೆಗೆ ತ್ಸಾಂಗ್ಪೋ ಎಂಬ ಹೆಸರಿದೆಯಲ್ಲ, ಆ ಕಣಿವೆಯ ಸೀಮೆಯಿಂದ 1924ರಲ್ಲಿ ಫ್ರಾಂಕ್ ಕಿಂಗ್ಡನ್ ವಾರ್ಡ್ ಎಂಬ ಇಂಗ್ಲಿಷ್ ಸಸ್ಯಾನ್ವೇಷಕ ಬೀಜ ತಂದು ಪಶ್ಚಿಮದ ತೋಟಗಳಿಗೆ ಹಬ್ಬಿಸಿದ. ಉತ್ತರ ಅಮೆರಿಕದಲ್ಲಿ ಇದನ್ನು ಮೊದಮೊದಲು ಬೆಳೆದವರಲ್ಲಿ ಜೆನಿಯೂ ಒಬ್ಬಳು. ಇದಕ್ಕೆ ಬಿಸಿಲು ಆಗದು, ಸೆಕೆ ಆಗದು, ನೀರು ನಿಂತರೂ ಆಗದು. ಬೆಂಗಳೂರಿಗೆ ತರುವ ಕನಸು ಅಲ್ಲೇ ಬಿಟ್ಟೆ. ನನ್ನ ದೇಶದ ನೆತ್ತಿಯಾಚೆ ಹುಟ್ಟಿದ ಹೂವನ್ನು ನೋಡಲು ಪೆಸಿಫಿಕ್ ದಾಟಬೇಕಾಯಿತು. ಹುಡುಗ ಹತ್ತಿರ ಬಂದು, "ಹೋಗೋಣ್ವಾ ದೊಡ್ಡಮ್ಮ?" ಎಂದ. "ನೀನು ಹೋಗಿರಪ್ಪ" ಎಂದೆ.

ಬುಚಾರ್ಟರ ಮನೆಯ ಹೆಸರು ಬೆನ್ವೆನ್ಯೂಟೊ, ಇಟಾಲಿಯನ್ನಿನಲ್ಲಿ ಸುಸ್ವಾಗತ. ಈಗ ಅದರಲ್ಲಿ ಊಟದ ಕೋಣೆಯಿದೆ. ಹೆಸರಿಗೆ ತಕ್ಕಂತೆ ದಂಪತಿ ಬಂದವರನ್ನೆಲ್ಲ ತೋಟ ನೋಡಲು ಬಿಡುತ್ತಿದ್ದರು, ಪರಿಚಯವಿಲ್ಲದವರಿಗೂ ಚಹಾ ಸಿಗುತ್ತಿತ್ತು. ರಾಬರ್ಟ್‌ಗೆ ಹಕ್ಕಿಗಳ ಹುಚ್ಚು: ಕೊಳದಲ್ಲಿ ಬಾತು, ಹುಲ್ಲಿನ ಮೇಲೆ ನವಿಲು, ಮನೆಯೊಳಗೆ ಗಿಣಿ. 1939ರಲ್ಲಿ ಇಯಾನ್ ರಾಸ್‌ನ 21ನೇ ಹುಟ್ಟುಹಬ್ಬಕ್ಕೆ ಅಜ್ಜ ಅಜ್ಜಿ ಇಡೀ ತೋಟವನ್ನೇ ಉಡುಗೊರೆ ಕೊಟ್ಟರು. ಯುದ್ಧ ಮುಗಿದ ಮೇಲೆ ಸೊರಗಿದ್ದ ತೋಟವನ್ನು ಅವನು ಮತ್ತೆ ಎತ್ತಿ ನಿಲ್ಲಿಸಿ, ತನ್ನ ಖರ್ಚು ತಾನೇ ನೋಡಿಕೊಳ್ಳುವ ಉದ್ಯಮ ಮಾಡಿದ. ಇವತ್ತಿಗೂ ಅದು ಆ ಮನೆತನದ್ದೇ ಸ್ವತ್ತು. 2004ರಲ್ಲಿ ಕೆನಡಾ ಸರ್ಕಾರ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. ಸಿಮೆಂಟ್ ಕಾರ್ಖಾನೆ ಎಷ್ಟು ಲಾಭ ಮಾಡಿತೋ, ಅದು ಮುಚ್ಚಿ ಎಷ್ಟೋ ಕಾಲವಾಯಿತು. ಗುಂಡಿ ಮಾತ್ರ ಇನ್ನೂ ದುಡಿದು ಹಾಕುತ್ತಿದೆ.

ಹಿಂದಿರುಗುವ ಹಡಗಿನಲ್ಲಿ ಸಂಜೆ ಎಂಟಾದರೂ ಬಿಸಿಲಿತ್ತು. ನಮ್ಮ ಮಾತು ಊರಿನ ಕ್ವಾರಿಗಳ ಕಡೆಗೆ ಹೋಯಿತು. ಬೆಂಗಳೂರಿನ ಉತ್ತರಕ್ಕಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳು ಊರಿನ ಕಸ ತುಂಬಿಕೊಂಡವು. 2001ರಲ್ಲಿ ಬಾಗಿಲು ಹಾಕಿದ ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಧೂಳು ಗಾಳಿಗಾಲದಲ್ಲಿ ಈಗಲೂ ಮನೆಯೊಳಗೆ ಬರುತ್ತದೆ. ಕಲಬುರಗಿ ಸೀಮೆಯಲ್ಲಿ ಶಹಾಬಾದ್, ವಾಡಿ, ಸೇಡಂ ಸುತ್ತ ಸುಣ್ಣಕಲ್ಲು ತೆಗೆದ ಜಾಗಗಳೆಷ್ಟೋ. ಎಲ್ಲವನ್ನೂ ಬುಚಾರ್ಟ್ ಮಾಡಲಾಗದು, ಒಪ್ಪುತ್ತೇನೆ. ವಿಕ್ಟೋರಿಯಾದ ಹವೆ ತಂಪು, ಮಂಜು ಕಡಿಮೆ, ಮಣ್ಣು ತರಿಸಲು ಮಾಲೀಕನ ದುಡ್ಡಿತ್ತು. ಬಿಸಿಲುನಾಡಿನಲ್ಲಿ ಐವಿಯೂ ಬದುಕದು, ನೀಲಿ ಗಸಗಸೆಯೂ ಬದುಕದು. ಆದರೆ ಬೇವು, ಹೊಂಗೆ, ಕಕ್ಕೆ, ಮುತ್ತುಗ ಬದುಕುತ್ತವೆ. ಕೆಳಗೆ ನೀರು ನಿಂತರೆ ಕೆರೆ, ಮೇಲೆ ಮಣ್ಣು ಹಾಕಿದರೆ ತೋಪು. "ಮೊದಲು ಡ್ರೈನೇಜ್ ನೋಡಿಕೊಳ್ಳಬೇಕು, ಮಿಕ್ಕದ್ದು ಕಷ್ಟವಲ್ಲ" ಎಂದು ನಮ್ಮ ನಿವೃತ್ತ ಇಂಜಿನಿಯರ್ ಹಡಗಿನ ಪೇಪರ್ ನ್ಯಾಪ್ಕಿನ್ ಮೇಲೆ ಅಡ್ಡಕೊಯ್ತದ ಚಿತ್ರ ಬರೆಯಲು ಶುರುಮಾಡಿದ್ದರು. ಹೂವೆಂದರೆ ಪೂಜೆಗೆ ಎನ್ನುತ್ತಿದ್ದವರು ಇವರೇ.

ಆ ಕಡೆ ಹೋಗುವವರಿಗೆ ಒಂದು ಮಾತು. ನೀಲಿ ಗಸಗಸೆ ಬೇಕಿದ್ದರೆ ಮೇ ಕೊನೆಯಿಂದ ಜೂನ್ ನಡುವೆ ಹೋಗಿ, ಗುಲಾಬಿ ಬೇಕಿದ್ದರೆ ಜುಲೈ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿದ್ದು ಮೊದಲು ಸಂಕನ್ ಗಾರ್ಡನ್ ನೋಡಿಬಿಡಿ, ಬಸ್ಸುಗಳು ಬಂದ ಮೇಲೆ ಕಟಕಟೆ ಸಿಗುವುದಿಲ್ಲ. ಸಮಯ ಮಿಕ್ಕರೆ ಟಾಡ್ ಇನ್ಲೆಟ್‌ನ ಕಾಡುದಾರಿಯಲ್ಲೂ ಒಂದಿಷ್ಟು ನಡೆಯಿರಿ. ಇನ್ನು, ಅಧ್ಯಯನ ಪ್ರವಾಸವೆಂದು ವಿದೇಶಕ್ಕೆ ಹೊರಡುವ ನಮ್ಮ ಶಾಸಕರಲ್ಲೂ ಪಾಲಿಕೆಯವರಲ್ಲೂ ನನ್ನದೊಂದು ಬೇಡಿಕೆ: ಮುಂದಿನ ಸಲ ಪಟ್ಟಿಯಲ್ಲಿ ಬುಚಾರ್ಟನ್ನು ತಪ್ಪದೆ ಸೇರಿಸಿ, ಹೋಗುವಾಗ ಗಣಿ ಇಲಾಖೆಯ ಅಧಿಕಾರಿಯೊಬ್ಬರನ್ನೂ ತೋಟಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಆ ಗೋಡೆ ತೋರಿಸಿ.